ಬಿಸಿಲಿದ್ದೂ ಕಲ್ಲಿದ್ದಲು ಏಕೆ?

ಪ್ರಶ್ನೆ: ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಚಿಮಣಿಗಳನ್ನು ನೋಡುತ್ತಲೇ ಬೆಳೆದವನು ನಾನು. ಪಾವಗಡದಲ್ಲಿ ಬಿಸಿಲಿನಿಂದಲೇ ಅಷ್ಟೊಂದು ವಿದ್ಯುತ್ ಸಿಗುವಾಗ ಕಲ್ಲಿದ್ದಲನ್ನು ಇನ್ನೂ ಏಕೆ ಸುಡಬೇಕು? ಅದರ ಕಾಲ ಮುಗಿಯಿತೆನ್ನಬಹುದೇ?
– ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ಮುಗಿದಿಲ್ಲ, ಆದರೆ ಅದು ಮಾಡಬೇಕಾದ ಕೆಲಸ ಬದಲಾಗುತ್ತಿದೆ. ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. 1985ರಲ್ಲಿ ಮೊದಲ ಘಟಕ ಶುರುವಾದ ಶಕ್ತಿನಗರದ್ದು ಎಂಟೂ ಘಟಕ ಸೇರಿ 1,720 ಮೆಗಾವಾಟ್. ಅಂಕಿಯಲ್ಲಿ ಬಿಸಿಲೇ ಮೇಲು. ಆದರೆ ಮನೆಮನೆಯಲ್ಲೂ ದೀಪ, ಫ್ಯಾನು, ಟಿ.ವಿ. ಒಟ್ಟಿಗೇ ಓಡುವ ರಾತ್ರಿ ಎಂಟರ ಹೊತ್ತಿಗೆ ಪಾವಗಡದ ಫಲಕಗಳಿಂದ ಒಂದು ಯೂನಿಟ್ಟೂ ಹುಟ್ಟುವುದಿಲ್ಲ. ಆ ಹೊತ್ತಿಗೆ ಶರಾವತಿಯ ಜಲವಿದ್ಯುತ್ ಕೈಹಿಡಿಯುತ್ತದೆ, ನಿಜ. ಮಳೆ ಕೈಕೊಟ್ಟ ವರ್ಷ ಲಿಂಗನಮಕ್ಕಿಯ ನೀರನ್ನೂ ಅಳೆದು ಬಳಸಬೇಕಾಗುವುದರಿಂದ ಮತ್ತೆ ಕಲ್ಲಿದ್ದಲಿಗೇ ಮೊರೆಹೋಗುತ್ತೇವೆ.

ಅದಕ್ಕೆ ತೆರುವ ಬೆಲೆ ಮಾತ್ರ ಸಣ್ಣದಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ. ತೆಲಂಗಾಣದ ಸಿಂಗರೇಣಿ, ಒಡಿಶಾದ ಗಣಿಗಳಿಂದ ರೈಲಿನಲ್ಲಿ ಬರಬೇಕು. 210 ಮೆಗಾವಾಟಿನ ಒಂದೇ ಒಂದು ಘಟಕ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಇಡೀ ಗೂಡ್ಸ್ ರೈಲಿನಷ್ಟು, ಅಂದರೆ ಮೂರು ಸಾವಿರ ಟನ್ನಿಗೂ ಮಿಕ್ಕಿ, ಕಲ್ಲಿದ್ದಲು ಬೇಕಾಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಬೂದಿಯೇ ಆದ್ದರಿಂದ ಆ ಒಂದು ಘಟಕದಿಂದಲೇ ದಿನಕ್ಕೆ ಸಾವಿರ ಟನ್ನಿನಷ್ಟು ಬೂದಿ ಉಳಿಯುತ್ತದೆ. ಹಾರುಬೂದಿ ಸಿಮೆಂಟಿಗೂ ಇಟ್ಟಿಗೆಗೂ ಹೋಗುತ್ತದೆ. ಬಳಕೆಯಾಗದೆ ಉಳಿದದ್ದು ನೀರಿನೊಡನೆ ಬೂದಿ ಹೊಂಡ ಸೇರಿ, ಹೊಂಡ ಒಣಗಿದರೆ ಬೇಸಿಗೆಯ ಗಾಳಿಗೆ ಮತ್ತೆ ಮೇಲೇಳುತ್ತದೆ. ಇಂಗಾಲದ ಡೈಆಕ್ಸೈಡಿನ ಮಾತು ದೂರದ್ದೆನಿಸುವವರಿಗೂ ಈ ಬೂದಿ ಅಂಗಳದಲ್ಲೇ ಕಾಣುತ್ತದೆ.

1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ ತೆಗೆಯಲಾರಂಭಿಸಿದ ಬ್ರಿಟನ್, ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅವರಿಗೆ ಅನಿಲವೂ ಕಡಲ ಗಾಳಿಯೂ ಇದ್ದವು. ನಮ್ಮಲ್ಲಿ 2024–25ರಲ್ಲಿ ಕಲ್ಲಿದ್ದಲಿನ ಉತ್ಪಾದನೆ 100 ಕೋಟಿ ಟನ್ ದಾಟಿದೆ, ಗಾಳಿಗೆ ಬಿಡುವಷ್ಟೇ ಇಂಗಾಲವನ್ನು ಮರಳಿ ಹೀರುವ ‘ನಿವ್ವಳ ಶೂನ್ಯ’ದ ಗುರಿ 2070ಕ್ಕಿದೆ.

ಹಾಗಾಗಿ ಹಗಲು ತಗ್ಗಿ ನಡೆದು ಸಂಜೆ ಏರುವುದು ಇನ್ನು ಮುಂದೆ ಈ ಘಟಕಗಳ ಪಾಲಿನ ಕೆಲಸ. ಬಾಯ್ಲರನ್ನು ಸ್ವಿಚ್ಚಿನಂತೆ ಆರಿಸಿ ಹೊತ್ತಿಸಲಾಗದು. ತಣ್ಣಗಾದದ್ದು ಮತ್ತೆ ಕಾಯಲು ಗಂಟೆಗಟ್ಟಲೆ ಬೇಕು, ಪದೇ ಪದೇ ಕಾದು ಆರಿದರೆ ಕೊಳವೆಗಳು ಬೇಗ ಸವೆಯುತ್ತವೆ. ಆದ್ದರಿಂದ ಹೊಸ ಘಟಕ ಕಟ್ಟುವ ಹಣವನ್ನು ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡುವ ಬ್ಯಾಟರಿಗಳಿಗೆ ಹಾಕುವುದೇ ಸರಿಯೆಂದು ನನ್ನ ಅಭಿಪ್ರಾಯ. ಹೀಗೆ ಕೂಡಿಡಲೆಂದೇ, ಮಿಕ್ಕ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ ಬೇಕಾದಾಗ ಕೆಳಗಿಳಿಸಿ ವಿದ್ಯುತ್ ಪಡೆಯಲು ಶರಾವತಿ ಕಣಿವೆಯಲ್ಲಿ ಯೋಜಿಸಿರುವ 2,000 ಮೆಗಾವಾಟಿನ ಭೂಗತ ಜಲವಿದ್ಯುತ್ ಯೋಜನೆಯನ್ನು ಮಾತ್ರ, ಸಿಂಗಳೀಕಗಳ ಕಾಡಿಗೆ ಕೈಹಾಕುತ್ತದೆಂಬ ಕಾರಣಕ್ಕೆ, ನಾನು ಒಪ್ಪಲಾರೆ.

ನಿಮ್ಮ ಊರಿನವರು ಈಗಲೇ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಹಳೆಯ ಘಟಕಗಳನ್ನು ಯಾವ ವರ್ಷ ನಿಲ್ಲಿಸುತ್ತಾರೆ, ಆಗ ಅಲ್ಲಿನ ಗುತ್ತಿಗೆ ಕಾರ್ಮಿಕರಿಗೆ ಯಾವ ಕೆಲಸ, ಬೂದಿ ಹೊಂಡಗಳ ಹೊಣೆ ಯಾರದು ಎಂಬುದು ಮುಚ್ಚುವ ಹಿಂದಿನ ತಿಂಗಳಲ್ಲಲ್ಲ, ಹತ್ತು ವರ್ಷ ಮೊದಲೇ ಬರಹದಲ್ಲಿ ಸಿಗಬೇಕು.