ಕೈಯಲ್ಲಿ ಮಾಡಿದ ಮಣ್ಣಿನ ತಟ್ಟೆ ಒಣಗುವಾಗ ಬಿರುಕು ಬಿಡುತ್ತಿದೆ, ಫ್ಯಾನ್ ಕೆಳಗೆ ಇಡಬಹುದಾ?

ಫ್ಯಾನ್ ಕೆಳಗೆ ಮಾತ್ರ ಇಡಬೇಡಿ. ಮಗ್‌ಗಳು ಚೆನ್ನಾಗಿ ಬರುತ್ತವೆ, ತಟ್ಟೆಗಳು ಮಾತ್ರ ಅಂಚಿನಲ್ಲಿ ಸೀಳುತ್ತವೆ ಎಂದು ಬರೆದಿದ್ದೀರಿ, ಅಲ್ವಾ? ತಟ್ಟೆಯ ಅಂಚಿಗೆ ಎಲ್ಲ ಕಡೆಯಿಂದ ಗಾಳಿ. ನಡುಭಾಗ ಹಲಗೆಗೆ ಕಚ್ಚಿಕೊಂಡಿರುತ್ತದೆ. ಅಂಚು ಮೊದಲು ಒಣಗಿ ಕುಗ್ಗಲು ನೋಡುತ್ತದೆ, ಹಸಿಯಾಗಿರುವ ನಡುಭಾಗ ಬಿಟ್ಟುಕೊಡುವುದಿಲ್ಲ. ಆ ಎಳೆದಾಟಕ್ಕೆ ಅಂಚು ಸೀಳುತ್ತದೆ.

ಹದ ಮಾಡಿದ ಜೇಡಿಮಣ್ಣಿನಲ್ಲಿ ಸಾಮಾನ್ಯವಾಗಿ ಶೇ. 20–25ರಷ್ಟು ನೀರಿರುತ್ತದೆ. ಕಣಗಳ ನಡುವಿನ ನೀರು ಹೋದ ಹಾಗೆ ಕಣಗಳು ಹತ್ತಿರ ಸರಿಯುತ್ತವೆ, 30 ಸೆಂ.ಮೀ. ತಟ್ಟೆ ಒಣಗುವಷ್ಟರಲ್ಲಿ 28ಕ್ಕೆ ಇಳಿಯಬಹುದು. ಕಣಗಳು ಒಂದಕ್ಕೊಂದು ತಾಗಿದ ಮೇಲೆ ಕುಗ್ಗುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಮಣ್ಣಿನ ಬಣ್ಣ ತಿಳಿಯಾಗುವುದೂ ಆಗಲೇ. ಅಪಾಯ ಇರುವುದು ಅದಕ್ಕೆ ಮುಂಚೆ, ಆಮೇಲೆ ಸ್ವಲ್ಪ ಬಿಸಿಲು ತಾಗಿದರೂ ತೊಂದರೆಯಿಲ್ಲ.

ನಿಧಾನಕ್ಕೆ ಒಣಗಿಸಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು, ಎಲ್ಲ ಕಡೆ ಒಂದೇ ಸಮ ಒಣಗಿಸಿ. ಕಾರ್ಖಾನೆಯ ಡ್ರೈಯರ್‌ಗಳಲ್ಲಿ ದಪ್ಪ ಪಿಂಗಾಣಿ ಸಾಮಾನಿಗೆ ಮೊದಲು ಬಿಡುವುದು ಬಿಸಿಯಾದ, ಆದರೆ ತೇವ ತುಂಬಿದ ಗಾಳಿಯನ್ನು. ಕೇಳಿದರೆ ಉಲ್ಟಾ ಅನಿಸುತ್ತದೆ. ತೇವದ ಗಾಳಿಯಲ್ಲಿ ಮೇಲ್ಮೈ ಒಣಗುವುದಿಲ್ಲ, ಬಿಸಿ ಮಾತ್ರ ಒಳಗೆ ಇಳಿಯುತ್ತದೆ, ಬಿಸಿಯಾದ ನೀರು ತೆಳುವಾಗಿ ಒಳಗಿನಿಂದ ಹೊರಕ್ಕೆ ಸಲೀಸಾಗಿ ಹರಿಯುತ್ತದೆ, ಅದಾದ ಮೇಲೇ ಗಾಳಿಯ ತೇವ ಇಳಿಸುತ್ತಾ ಹೋಗುತ್ತಾರೆ. ಮಂಗಳೂರು ಹೆಂಚನ್ನೂ ಒತ್ತಿದ ಕೂಡಲೇ ಬಿಸಿಲಿಗೆ ಹಾಕುವುದಿಲ್ಲ, ನೆರಳಲ್ಲಿ ಅಟ್ಟಣಿಗೆಯ ಮೇಲೆ ಒಣಗಿಸುತ್ತಾರೆ.

ಗೋಡೆ ಟೈಲ್ಸ್ ಯಾಕೆ ಸೀಳುವುದಿಲ್ಲ ಎಂದೂ ಕೇಳಿದ್ದೀರಿ. ಅದು ಹಸಿ ಮಣ್ಣೇ ಅಲ್ಲ. ಶೇ. 5–6ರಷ್ಟು ತೇವ ಇರುವ ಪುಡಿಯನ್ನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತುತ್ತಾರೆ, ಹಾಗಾಗಿ ಒಣಗುವಾಗ ಕುಗ್ಗುವುದು ತೀರಾ ಕಡಿಮೆ.

ನೀವು ಇಷ್ಟು ಮಾಡಿ. ತಟ್ಟೆ ಕೆಳಗೆ ನ್ಯೂಸ್‌ಪೇಪರ್ ಹಾಸಿ, ಕುಗ್ಗುವಾಗ ಜಾರಲಿ. ಅಂಚಿಗೆ ಮಾತ್ರ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ನಡುಭಾಗ ತೆರೆದಿಡಿ. ಜನ ಇದನ್ನೇ ಬಿಡುತ್ತಾರೆ, ತಟ್ಟೆ ಪೂರ್ತಿ ಮುಚ್ಚಿ ಸುಮ್ನೆ ಕಾಯುತ್ತಾರೆ, ಕವರ್ ತೆಗೆದಾಗ ಮತ್ತೆ ಅಂಚೇ ಮೊದಲು ಒಣಗುತ್ತದೆ. ಎತ್ತಿದರೆ ಬಾಗದಷ್ಟು ಗಟ್ಟಿಯಾದಾಗ ಬೋರಲು ಹಾಕಿ. ಮಾಡುವಾಗಲೂ ಅಂಚು, ತಳ ಎರಡೂ ಒಂದೇ ದಪ್ಪ ಇರುವ ಹಾಗೆ ನೋಡಿಕೊಳ್ಳಿ. ಮಣ್ಣಿಗೆ ಸ್ವಲ್ಪ ಗ್ರಾಗ್, ಅಂದರೆ ಸುಟ್ಟ ಮಣ್ಣಿನ ಪುಡಿ, ಬೆರೆಸಿದರೆ ಕುಗ್ಗುವುದೂ ಕಡಿಮೆಯಾಗುತ್ತದೆ.

ಸುಡುವ ಮೊದಲು ತಳವನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಹಾಗೇ ಗೂಡಿಗಿಟ್ಟು ಬೇಗ ಬಿಸಿ ಏರಿಸಿದರೆ ನೀರು ಒಳಗೇ ಆವಿಯಾಗಿ ತಟ್ಟೆ ಸಿಡಿಯುತ್ತದೆ, ಪಕ್ಕದಲ್ಲಿಟ್ಟ ಮಗ್‌ಗಳಿಗೂ ಏಟು. ಇನ್ನೂ ಕೆಲವು ದಿನ ಬಿಡಿ.