ಒಂಬತ್ತು, ಹತ್ತನೇ ತರಗತಿ ಮಕ್ಕಳಿಗೆ ಗುರಿ ಇಟ್ಟುಕೊಳ್ಳಲು ಹೇಗೆ ನೆರವಾಗಲಿ?

ಸಂಜೆ ಮನೆಯಲ್ಲಿ ಹತ್ತು-ಹನ್ನೆರಡು ಮಕ್ಕಳಿಗೆ ಪಾಠ ಹೇಳುತ್ತೀರಿ. ಗುರಿ ಬರೆಯಿರಿ ಅಂದರೆ ಎಲ್ಲರೂ ಡಾಕ್ಟರ್, ಪಿಎಸ್‌ಐ, ಐಎಎಸ್ ಅಂತ ಬರೆದುಕೊಟ್ಟು ಮರುದಿನ ಮರೆತುಬಿಡುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ನನ್ನ ಅನುಭವದಲ್ಲಿ ಗುರಿ ಕೇಳುವ ಮೊದಲು ಮಗುವಿನ ದಿನ ಹೇಗೆ ಕಳೆಯುತ್ತೆ ಅಂತ ಕೇಳಬೇಕು.

ಒಂದು ಹಾಳೆ ಕೊಡಿ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದೆ ಅಂತ ಬರೆಯಲಿ. ನಾಳೆ ಮಾಡ್ತೀನಿ ಅನ್ನೋದು ಬೇಡ, ನಿನ್ನೆ ಮಾಡಿದ್ದು ಸಾಕು.

ಹತ್ತನೇ ತರಗತಿಯ ಒಬ್ಬ ಹುಡುಗಿಯ ಹಾಳೆ ನನಗೆ ಇನ್ನೂ ನೆನಪಿದೆ. ಐದೂವರೆಗೆ ಎದ್ದು ಕಸ ಹೊಡೆಯುವುದು, ನೀರು ತುಂಬುವುದು, ಅವ್ವನ ಜೊತೆ ರೊಟ್ಟಿ. ಎಂಟೂವರೆ ಬಸ್ಸು. ಸಂಜೆ ಎಮ್ಮೆ, ಬಾಂಡೆ, ತಮ್ಮನ ಹೋಂವರ್ಕ್. ರಾತ್ರಿ ಎಂಟೂಕಾಲಿಗೆ ಪುಸ್ತಕ ಹಿಡಿದರೆ ಅದೇ ಕೋಣೆಯಲ್ಲಿ ಟಿವಿ. ದಿನಕ್ಕೆ ಮೂರು ತಾಸು ಓದು ಅಂತ ನಾವೆಲ್ಲ ಅವಳಿಗೆ ಹೇಳುತ್ತಲೇ ಇದ್ದೆವು. ಆ ಮೂರು ತಾಸು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಇಬ್ಬರೂ ಕೂತು ಹುಡುಕಿದೆವು. ಬಸ್ಸು ಅವಳನ್ನು ಎಂಟು ಐವತ್ತಕ್ಕೆ ಶಾಲೆ ಮುಂದೆ ಇಳಿಸುತ್ತಿತ್ತು. ಪ್ರಾರ್ಥನೆ ಒಂಬತ್ತು ಮುಕ್ಕಾಲಿಗೆ. ನಡುವಿನ ಐವತ್ತೈದು ನಿಮಿಷ ಬೇವಿನ ಗಿಡದ ಕೆಳಗೆ ಸುಮ್ನೆ ಕಳೆದುಹೋಗುತ್ತಿತ್ತು. ಅದರಲ್ಲಿ ಅರ್ಧ ತಾಸು ಓದಿಗೆ ಅಂತ ಅವಳೇ ಗೆರೆ ಎಳೆದಳು. ಉಳಿದದ್ದು ಗೆಳತಿಯರಿಗೆ. ಅದೂ ಬೇಕು ಅಲ್ವಾ?

ಆಮೇಲೆ ಗುರಿಯ ಮಾತು. "ಗಣಿತದಾಗ ಜಾಸ್ತಿ ಮಾರ್ಕ್ಸ್ ತಗೋತೀನಿ" ಅಂದಳು. ಎಷ್ಟು ಬಂದರೆ ಜಾಸ್ತಿ? ಯಾವಾಗ? ಹೀಗೆ ಕೇಳುತ್ತಾ ಹೋದಾಗ, ಥೇಲ್ಸ್ ಪ್ರಮೇಯವನ್ನು ಪುಸ್ತಕ ನೋಡದೆ ಚಿತ್ರ ಸಮೇತ ಬರೆಯುವುದು, ಹದಿನೈದು ದಿನದೊಳಗೆ ಅನ್ನುವಲ್ಲಿಗೆ ಬಂತು. ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಅದನ್ನೇ ಬರೆದುಕೊಂಡಳು. ಮೊದಲ ಸಲ ಚಿತ್ರದಲ್ಲಿ ಲಂಬ ಎಳೆಯೋದು ಮರೆತಳು. ಎರಡನೇ ಸಲ ತ್ರಿಭುಜಗಳ ವಿಸ್ತೀರ್ಣದ ಅನುಪಾತ ತಲೆಕೆಳಗಾಯಿತು. ಪೂರ್ತಿ ಬರೆಯಲು ಇಪ್ಪತ್ತೆರಡು ದಿನ ಹಿಡಿಯಿತು. ಬರೆದ ದಿನ ತಾನಾಗಿಯೇ ಬಂದು, "ಸರ್, ಮುಂದಿಂದು ಯಾವ್ದು ಮಾಡ್ಲಿರಿ?" ಅಂದಳು. ಅಲ್ಲಿಯವರೆಗೆ ಆ ಹುಡುಗಿ ನನ್ನ ಹತ್ತಿರ ತಾನಾಗಿ ಏನನ್ನೂ ಕೇಳಿರಲಿಲ್ಲ.

ಯೋಜನೆ ಬರೆಸುವಾಗ ಹೊಲದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಕಡೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹೆಸರುಕಾಯಿ ಬಿಡಿಸುವುದು, ಆಮೇಲೆ ಉಳ್ಳಾಗಡ್ಡಿ, ಮುಂದೆ ಕಡಲೆ, ಬಿಳಿಜೋಳ. ಬ್ಯಾಡಗಿ ಕಡೆಯಾದರೆ ಮೆಣಸಿನಕಾಯಿ. ಶಾಲೆ ಬಿಡಿಸಬೇಡಿ ಅಂತ ಮನೆಮನೆಗೆ ಹೋಗಿ ಹೇಳುತ್ತೇವೆ. ಆದರೂ ರಜೆ ದಿನ, ಸಂಜೆ ಹೊತ್ತು ಹೊಲಕ್ಕೇ ಹೋಗುತ್ತೆ. ಆ ವಾರಗಳಲ್ಲಿ ಹೊಸ ಗುರಿ ಬೇಡ, ಹಳೆಯದನ್ನು ಒಮ್ಮೆ ತಿರುವಿ ಹಾಕಿದರೆ ಸಾಕು ಅಂತ ಮೊದಲೇ ಬರೆಸಿ. ಇಲ್ಲದಿದ್ದರೆ ಯೋಜನೆ ತಪ್ಪಿದ ಕೂಡಲೇ ಮಕ್ಕಳು "ನನ್ನಿಂದ ಆಗಲ್ಲ" ಅಂತ ಬಿಟ್ಟೇಬಿಡುತ್ತಾರೆ.

ಇನ್ನು ಡಾಕ್ಟರ್, ಐಎಎಸ್ ಅನ್ನುವ ಆಸೆ. ಅದನ್ನು ದಯವಿಟ್ಟು ಚಿವುಟಬೇಡಿ. ಆದರೆ ದಾರಿ ತೋರಿಸಿ. ಡಾಕ್ಟರ್ ಆಗಬೇಕಾದರೆ ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಜೀವಶಾಸ್ತ್ರ ಓದಬೇಕು, ಆಮೇಲೆ ನೀಟ್ ಬರೆಯಬೇಕು ಅನ್ನೋದು ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು ಅಂತ ಮನೆಯವರಿಗೂ ಗೊತ್ತಿರುವುದಿಲ್ಲ. ಒಂದು ವರ್ಷ ಮಕ್ಕಳನ್ನು ಧಾರವಾಡದ ಕೃಷಿ ಮೇಳಕ್ಕೆ ಕರೆದುಕೊಂಡು ಹೋಗಿದ್ದೆವು. ಪಿಎಸ್‌ಐ ಅಂತ ಬರೆದಿದ್ದ ಹುಡುಗ ಬೀಜದ ಮಳಿಗೆ ಮುಂದೆ ನಿಂತವನು ಕದಲಲೇ ಇಲ್ಲ. ಅಲ್ಲಿದ್ದವರನ್ನು "ನೀವು ಏನು ಓದೀರಿ?" ಅಂತ ಕೇಳಿದ. ಆ ಪ್ರಶ್ನೆಯನ್ನು ನಾನಾಗಿ ಅವನ ಬಾಯಲ್ಲಿ ಹಾಕಲು ಆಗುತ್ತಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಐದು ನಿಮಿಷ ಮಾತಾಡಿ, ಎಲ್ಲರ ಮುಂದೆ ಬೇಡ. "ಯಾಕೆ ಮಾಡಲಿಲ್ಲ?" ಅಂದರೆ ತಲೆ ತಗ್ಗಿಸಿ ನಿಲ್ಲುತ್ತಾರೆ. "ಏನು ಅಡ್ಡ ಬಂತು?" ಅಂತ ಕೇಳಿ ನೋಡಿ. ಕರೆಂಟ್ ಇರಲಿಲ್ಲ, ಅಜ್ಜಿಗೆ ಆರಾಮಿರಲಿಲ್ಲ, ಲೆಕ್ಕ ತಿಳಿಯಲಿಲ್ಲ ಅಂತ ಬಾಯಿ ಬಿಡುತ್ತಾರೆ. ಲೆಕ್ಕ ತಿಳಿಯದಿದ್ದರೆ ಅಲ್ಲೇ ಹೇಳಿಕೊಡಿ. ಬೇರೆ ಏನಾದರೂ ಇದ್ದರೆ ಹಳೆಯ ಹಾಳೆ ತೆಗೆದು ಇಬ್ಬರೂ ಸೇರಿ ಇನ್ನೊಂದು ಅರ್ಧ ತಾಸು ಹುಡುಕಿ.