ನೆನೆದ ಪುಸ್ತಕಕ್ಕೆ ಬಿಸಿಲು ಬೇಡ

ಪ್ರಶ್ನೆ: ರಾಮದುರ್ಗ ತಾಲ್ಲೂಕಿನ ನಮ್ಮ ಊರ ಮಠದಲ್ಲಿ ಹಳೆಯ ವಸ್ತುಗಳ ಸಣ್ಣ ಸಂಗ್ರಹವಿದೆ. ಓಲೆಗರಿಯ ಮೂರು ಕಟ್ಟು, ಸಂಸ್ಥಾನದ ಕಾಲದ ಮೋಡಿ (ಹಳೆಯ ಕೂಡುಬರಹದ ಲಿಪಿ) ಕಾಗದಗಳು, ಫೋಟೊಗಳು, ನಾನ್ನೂರು ಪುಸ್ತಕ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಒಳಗೆ ನುಗ್ಗಿತು. ನೀರು ಇಳಿದ ಮೇಲೆ ಎಲ್ಲವನ್ನೂ ಮಾಳಿಗೆ ಮೇಲೆ ಬಿಸಿಲಿಗೆ ಹರಡಿದೆವು. ಅರ್ಧಕ್ಕರ್ಧ ಹಪ್ಪಳದಂತೆ ಸೆಟೆದವು, ಎಷ್ಟೋ ಹಾಳೆ ಅಂಟಿಕೊಂಡವು. ಮತ್ತೆ ನೀರು ಬಂದರೆ ಏನು ಮಾಡಬೇಕು? ಅಂಟಿದ್ದನ್ನು ಬಿಡಿಸಬಹುದಾ?

ಉತ್ತರ: ನೀವು ಮಾಡಿದ್ದು ಯಾರಾದರೂ ಮಾಡುವಂಥದ್ದೇ. ನಮ್ಮ ಕಡೆ ಜೋಳ ಒದ್ದೆಯಾದರೂ ಮಾಳಿಗೆ, ಕೌದಿ ಒದ್ದೆಯಾದರೂ ಮಾಳಿಗೆ. ಆದರೆ ಬಿಸಿಲಿಗೆ ಪುಸ್ತಕದ ಅಂಚು ಒಣಗಿ ಬಿಗಿಯುತ್ತದೆ, ಒಳಗಿನ್ನೂ ಹಸಿ ಇರುತ್ತದೆ. ಓಲೆಗರಿ ಬಾಗಿ ಬಿರಿಯುತ್ತದೆ. ಅದೇ ಮಹಾಪೂರದಲ್ಲಿ ಪಟ್ಟದಕಲ್ಲಿನ ಗುಡಿಗಳಿಗೂ ನೀರು ಬಂದಿತ್ತು, ನೆನಪಿದೆಯಲ್ವಾ? ಕಲ್ಲು ತಡೆದುಕೊಂಡಿತು. ಕಾಗದಕ್ಕೆ ಸಿಗುವುದು ಹೆಚ್ಚೆಂದರೆ ಎರಡು ದಿನ. 48 ಗಂಟೆ ದಾಟುತ್ತಿದ್ದಂತೆ ಬೂಸ್ಟು ಏಳಲು ಶುರುವಾಗುತ್ತದೆ, ಸೆಕೆ ಇದ್ದರೆ ಇನ್ನೂ ಬೇಗ.

ಹಾಗಂತ ಗಡಿಬಿಡಿ ಬೇಡ. ಕರೆಂಟ್ ತೆಗೆಸಿ, ಗೋಡೆ ಗಟ್ಟಿಯಿದೆಯೇ ನೋಡಿಕೊಂಡು ಒಳಗೆ ಹೋಗಿ. ಯಾವುದನ್ನೂ ಎತ್ತುವ ಮೊದಲು ಇದ್ದ ಜಾಗದಲ್ಲೇ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಒಂದೊಂದಕ್ಕೂ ನಂಬರ್ ಹಾಕಿ, ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇಡಿ. ಪೆನ್ನಿನ ಶಾಯಿ ಹರಡುತ್ತದೆ. ಇದು ಸುಮ್ನೆ ಶಿಸ್ತಿಗಾಗಿ ಅಲ್ಲ. ಮೋಡಿ ಕಾಗದದ ಹತ್ತು ಗಂಟುಗಳು ಒಮ್ಮೆ ಬೆರೆತರೆ, ಯಾವುದು ಯಾವ ಊರಿನದು ಎಂದು ಹೇಳುವವರು ಈಗ ಎಷ್ಟು ಜನ ಉಳಿದಿದ್ದಾರೆ?

ಪುಸ್ತಕಕ್ಕೆ ಕೆಸರು ಮೆತ್ತಿದ್ದರೆ ಮುಚ್ಚಿದ ಪುಸ್ತಕವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಶುದ್ಧ ನೀರಿನಲ್ಲಿ ಅದ್ದಿ ತೆಗೆಯಿರಿ. ಉಜ್ಜಬೇಡಿ, ತೆರೆಯಬೇಡಿ. ಕೈಬರಹದ ಕಾಗದವನ್ನು ಮಾತ್ರ ನೀರಿಗೆ ಹಾಕಲೇಬೇಡಿ. ಕೆಸರು ಅದರ ಮೇಲೆಯೇ ಒಣಗಲಿ, ಆಮೇಲೆ ಮೆತ್ತನೆಯ ಬ್ರಷ್‌ನಿಂದ ತೆಗೆಯಬಹುದು.

ಒಣಗಿಸುವ ವಿಷಯದಲ್ಲಿ ಮಾತ್ರ ನಮ್ಮ ಭಾಗದ ಒಣದ್ರಾಕ್ಷಿ ಬೆಳೆಗಾರರನ್ನು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ವಿಜಯಪುರ, ಅಥಣಿ ಕಡೆ ದ್ರಾಕ್ಷಿಯನ್ನು ನೆಲದ ಮೇಲೆ ಬಿಸಿಲಿಗೆ ಸುರಿಯುವುದಿಲ್ಲ. ಶೆಡ್ಡಿನ ನೆರಳಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರಡುತ್ತಾರೆ, ಗಾಳಿ ಅತ್ತಿಂದಿತ್ತ ಹಾಯುತ್ತದೆ. ಪುಸ್ತಕಕ್ಕೂ ಬೇಕಾದ್ದು ಇದೇ: ನೆರಳು, ಗಾಳಿ, ಕೆಳಗೂ ಮೇಲೂ ಜಾಗ. ಸುಗ್ಗಿ ಮುಗಿದ ಖಾಲಿ ಶೆಡ್ಡು ಸಿಕ್ಕರೆ ಬಲೆ ತೊಳೆದು, ಮೇಲೆ ಬಿಳಿ ಹತ್ತಿ ಬಟ್ಟೆ ಹಾಸಿ. ಗಂಧಕದ ಹೊಗೆ ಹಾಕಿದ ಕೋಣೆ ಮಾತ್ರ ಬೇಡ. ಫ್ಯಾನನ್ನು ನೇರವಾಗಿ ಪುಸ್ತಕದತ್ತ ತಿರುಗಿಸದೆ ಗೋಡೆಯ ಕಡೆ ಬಿಡಿ. ಹತ್ತಿಪ್ಪತ್ತು ಹಾಳೆಗೊಮ್ಮೆ ಅಚ್ಚಿಲ್ಲದ ಖಾಲಿ ಕಾಗದ ಇಟ್ಟು, ಅದು ನೆನೆದಾಗಲೆಲ್ಲ ಬದಲಿಸಿ.

ಇದನ್ನು ಇಟಲಿಯವರೂ ಮಾಡಿದ್ದಾರೆ. 1966ರ ನವೆಂಬರ್ 4ರಂದು ಅರ್ನೋ ಹೊಳೆ ಫ್ಲಾರೆನ್ಸ್ ನಗರವನ್ನು ಮುಳುಗಿಸಿದಾಗ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಕೆಸರಿನಿಂದ ಪುಸ್ತಕ ಎತ್ತಲು ದೇಶದೇಶಗಳ ಹುಡುಗರು ಬಂದರು. ‘ಕೆಸರಿನ ದೇವದೂತರು’ ಎಂಬ ಹೆಸರು ಅವರಿಗೆ ಬಂತು. ಎತ್ತಿದ್ದನ್ನು ಒಣಗಿಸಲು ಜಾಗ ಸಾಲದೆ ತಂಬಾಕು ಒಣಗಿಸುವ ಮನೆಗಳಿಗೂ ಒಯ್ದರು. ತಂಬಾಕಿಗೆ ಹೆಸರಾದ ನಿಪ್ಪಾಣಿಯವರು ಇದನ್ನು ಓದಿದರೆ ನಕ್ಕಾರು. ಆದರೆ ಕಾವು ಜಾಸ್ತಿಯಾದರೆ ಚರ್ಮದ ರಟ್ಟು ಸುಕ್ಕುಗಟ್ಟುತ್ತದೆ. ಗಾಳಿ ಇರಲಿ, ಶಾಖ ಬೇಡ.

ನಾನ್ನೂರು ಪುಸ್ತಕ ಒಮ್ಮೆಲೇ ನೆನೆದರೆ ಎರಡು ದಿನದಲ್ಲಿ ಒಣಗಿಸಲಾಗದು. ಆಗ ಫ್ರೀಜರ್ ಹುಡುಕಿ. ಐಸ್‌ಕ್ರೀಮ್ ಅಂಗಡಿಯದು ಸಾಕು, ಮೈನಸ್ 18 ಡಿಗ್ರಿ ಇದ್ದರೆ ಬೂಸ್ಟು ಬೆಳೆಯದು. ಒಂದೊಂದನ್ನೂ ಬಟರ್ ಪೇಪರ್‌ನಲ್ಲಿ ಸುತ್ತಿ ಇಡಿ, ಪುರಸೊತ್ತಾದಾಗ ನಾಲ್ಕಾರು ತೆಗೆದು ಒಣಗಿಸಿ. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ಅಷ್ಟು ತಣ್ಣಗಿರುವುದಿಲ್ಲ. ಬೂಸ್ಟನ್ನು ಅದು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಜನರೇಟರ್ ಇಲ್ಲದ ಕಡೆ ಫ್ರೀಜರನ್ನು ನಂಬಬೇಡಿ.

ಓಲೆಗರಿಯನ್ನು ಫ್ರೀಜರ್‌ಗೆ ಹಾಕಬೇಡಿ, ಒರೆಸಲೂ ಬೇಡಿ. ಕಂಠದಿಂದ, ಅಂದರೆ ಓಲೆ ಬರೆಯುವ ಲೋಹದ ಮೊನೆಯಿಂದ, ಕೊರೆದ ಗೆರೆಯಲ್ಲಿ ತುಂಬಿದ ಮಸಿ ಒದ್ದೆ ಬಟ್ಟೆಗೆ ಎದ್ದು ಬರುತ್ತದೆ. ದಾರ ಸಡಿಲಿಸಿ, ಗರಿಗಳ ಸಾಲು ತಪ್ಪದಂತೆ ನೆರಳಿನಲ್ಲಿ ಬಿಡಿ. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಒಟ್ಟುಮಾಡಿದ ವಚನಗಳ ಓಲೆಗರಿಗಳೂ ಇಂಥ ಮಠ, ಮನೆಗಳಲ್ಲೇ ಇದ್ದವು. ಹಾಗಾಗಿ ನಿಮ್ಮ ಮೂರು ಕಟ್ಟನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಸ್ಕ್ಯಾನ್ ಮಾಡಿಸಿ, ಅಟ್ಟದ ಮೇಲೆ ಏರಿಸಿ.

ಇನ್ನು ಅಂಟಿದ ಹಾಳೆಗಳು. ಮಾಮೂಲಿ ಕಾಗದವಾದರೆ ತಜ್ಞರು ನಿಧಾನವಾಗಿ ತೇವ ಕೊಟ್ಟು ಬಿಡಿಸಬಲ್ಲರು. ನುಣುಪು ಕಾಗದ ಒಣಗಿ ಅಂಟಿದರೆ ಬಹುಮಟ್ಟಿಗೆ ಹೋದ ಹಾಗೆಯೇ, ಸುಳ್ಳು ಭರವಸೆ ಕೊಡಲಾರೆ. ಹಳೆ ಫೋಟೊಗಳನ್ನು ನೀವೇ ಎಳೆಯಬೇಡಿ. ಹಳೆಯ ಪರಂಪರೆಯ ವಸ್ತುಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರಿನ ಸಂರಕ್ಷಣಾ ಕೇಂದ್ರದವರಿಗೆ ತೋರಿಸಿ. ಇನ್ನೊಮ್ಮೆ ಫೋಟೊ ನೆನೆದರೆ ಅಂಟಿಕೊಂಡು ಒಣಗಲು ಬಿಡದೆ ತಣ್ಣನೆಯ ಶುದ್ಧ ನೀರಿನಲ್ಲೇ ಇಟ್ಟು, ಒಂದೊಂದಾಗಿ ಬಿಡಿಸಿ ಮುಖ ಮೇಲೆ ಮಾಡಿ ಒಣಗಿಸಿ. ಇದೂ ಎರಡು ದಿನದೊಳಗೆ ಆಗಬೇಕು.

ಪ್ರಶ್ನೆ: ನಮ್ಮದು ಜಮಖಂಡಿ. ಮನೆಯ ತಾಮ್ರಪಟಕ್ಕೆ ಹೊಳೆಯ ರಾಡಿ ಮೆತ್ತಿದೆ. ಹುಣಸೆಹಣ್ಣು ಹಚ್ಚಿ ಬೆಳಗಬಹುದಾ?

ಉತ್ತರ: ಬೇಡ. ಹುಣಸೆಯ ಹುಳಿ ತಾಮ್ರದ ಮೇಲ್ಪದರವನ್ನು ತಿನ್ನುತ್ತದೆ, ಬೂದಿಯಿಂದ ತಿಕ್ಕಿದರೆ ಅಕ್ಷರದ ಅಂಚು ಸವೆಯುತ್ತದೆ. ಶುದ್ಧ ನೀರಿನಲ್ಲಿ ರಾಡಿ ಬಿಡಿಸಿ, ಮೆತ್ತನೆಯ ಬಟ್ಟೆಯಿಂದ ನೀರು ಒತ್ತಿ ತೆಗೆದು ಪೂರ್ತಿ ಒಣಗಿಸಿ. ಕಪ್ಪಗೆ ಕಂಡರೆ ಕಾಣಲಿ ಬಿಡಿ. ದೀಪದ ಕಂಬವನ್ನು ಬೇಕಾದರೆ ದೀಪಾವಳಿಗೆ ಬೆಳಗಿ.